ತಾಯಿ ತೊರೆದ ಇಲಿಮರಿ: ಹಾಲಿಗಿಂತ ಮೊದಲು ಶಾಖ

ಕೆಲವು ವರ್ಷಗಳ ಹಿಂದಿನ ಮಾತು. ಗೌರಿಬಿದನೂರಿನಲ್ಲಿ ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಪಿಯುಸಿ ವಿದ್ಯಾರ್ಥಿಯೊಬ್ಬ ಬೆಂಕಿಪೊಟ್ಟಣ ಹಿಡಿದು ನಾನಿದ್ದ ಪ್ರಯೋಗಶಾಲೆಗೆ ಬಂದ. ಅದರೊಳಗೆ ಅವನು ಸಾಕಿದ್ದ ಬಿಳಿ ಚಿಟ್ಟಿಲಿಯ ಎರಡು ದಿನದ ಮರಿಯಿತ್ತು. ತಾಯಿ ಅದನ್ನು ಗೂಡಿನ ಹೊರಗೆ ಬಿಟ್ಟಿತ್ತು. ಹಸಿದಿರಬೇಕೆಂದು ನಾವು ಫಿಲ್ಲರ್‌ನಿಂದ ಹಸುವಿನ ಹಾಲು ಹನಿಸಿದೆವು. ಅರ್ಧ ಗಂಟೆಯಲ್ಲಿ ಮರಿ ಸತ್ತಿತು. ಪಕ್ಕದ ಬೀರುವಿನಲ್ಲಿ ತಾಪಮಾಪಕಗಳ ಸಾಲೇ ಇತ್ತು. ಒಂದನ್ನು ಹೊರತೆಗೆಯಬೇಕೆಂದು ಭೌತಶಾಸ್ತ್ರದ ಮೇಷ್ಟ್ರಾದ ನನಗೆ ಹೊಳೆಯಲಿಲ್ಲ. ಆ ಮರಿಗೆ ಮೊದಲು ಬೇಕಾಗಿದ್ದುದು ಶಾಖ. ಏಕೆಂದು ನೋಡೋಣ.

ಸಣ್ಣ ದೇಹ ಬೇಗ ತಣಿಯುವುದೇಕೆ?

ಹುಟ್ಟಿದಾಗ ಚಿಟ್ಟಿಲಿ ಮರಿಯ ತೂಕ 1ರಿಂದ 1.5 ಗ್ರಾಂ. ಕೂದಲಿಲ್ಲ, ಕಣ್ಣು ತೆರೆದಿಲ್ಲ. 1.2 ಗ್ರಾಂ ತೂಕದ ಮರಿಯನ್ನು ಒಂದು ಗೋಳವೆಂದು ಭಾವಿಸಿ. ಸಾಂದ್ರತೆ ನೀರಿನಷ್ಟೇ ಎಂದುಕೊಂಡರೆ ತ್ರಿಜ್ಯ ಸುಮಾರು 0.66 ಸೆಂ.ಮೀ., ಮೇಲ್ಮೈ ಸುಮಾರು 5.5 ಚದರ ಸೆಂ.ಮೀ. ಅಂದರೆ ಪ್ರತಿ ಗ್ರಾಂಗೆ ಸುಮಾರು 4.5 ಚದರ ಸೆಂ.ಮೀ. ಮೂರು ಕಿಲೋಗ್ರಾಂ ತೂಕದ ಮಾನವ ಶಿಶುವಿನ ಮೇಲ್ಮೈ ಸುಮಾರು 2000 ಚದರ ಸೆಂ.ಮೀ.; ಪ್ರತಿ ಗ್ರಾಂಗೆ 0.7ರಷ್ಟು ಮಾತ್ರ. ಶಾಖ ಹುಟ್ಟುವುದು ದೇಹದ ಒಳಗೆ, ಸೋರಿಹೋಗುವುದು ಮೇಲ್ಮೈಯಿಂದ. ಇಲಿಮರಿಯ ಪ್ರತಿ ಗ್ರಾಂಗೆ ಸೋರುವ ದಾರಿ ಆರೇಳು ಪಟ್ಟು ಅಗಲವಾಗಿದೆ.

ನ್ಯೂಟನ್ನನ ಶೀತಲೀಕರಣ ನಿಯಮ ನಿಮಗೆ ತಿಳಿದಿದೆ: ವಸ್ತು ತಣಿಯುವ ದರ, ಅದಕ್ಕೂ ಸುತ್ತಲಿನ ಗಾಳಿಗೂ ಇರುವ ತಾಪದ ವ್ಯತ್ಯಾಸಕ್ಕೆ ಅನುಪಾತದಲ್ಲಿರುತ್ತದೆ. ಮರಿ 34 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದು, ಚಿಕ್ಕಬಳ್ಳಾಪುರದ ಚಳಿಗಾಲದ ರಾತ್ರಿ ಕೋಣೆಯ ತಾಪ 18 ಡಿಗ್ರಿ ಇದ್ದರೆ ವ್ಯತ್ಯಾಸ 16. ಪೆಟ್ಟಿಗೆಯೊಳಗೆ 30 ಡಿಗ್ರಿ ಇದ್ದರೆ ವ್ಯತ್ಯಾಸ 4. ನಷ್ಟ ನಾಲ್ಕನೆಯ ಒಂದು ಭಾಗಕ್ಕೆ ಇಳಿಯಿತು.

ಗೂಡಿನಲ್ಲಿ ಮರಿಗಳು ಮುದ್ದೆಯಾಗಿ ಮಲಗುವುದರ ಗುಟ್ಟೂ ಇದೇ. ಎಂಟು ಗೋಳಗಳು ಸೇರಿ ಒಂದೇ ಗೋಳವಾದರೆ ಘನಗಾತ್ರ ಎಂಟು ಪಟ್ಟಾಗುತ್ತದೆ, ಮೇಲ್ಮೈ ನಾಲ್ಕು ಪಟ್ಟು ಮಾತ್ರ. ಪ್ರತಿ ಮರಿಯ ಪಾಲಿನ ಮೇಲ್ಮೈ ಅರ್ಧಕ್ಕಿಳಿಯಿತು. ಗೂಡಿನಿಂದ ಬೇರೆಯಾದ ಮರಿ ತಾಯಿಯ ಬಿಸುಪಿನ ಜೊತೆಗೆ ಈ ಉಳಿತಾಯವನ್ನೂ ಕಳೆದುಕೊಳ್ಳುತ್ತದೆ.

ರೇಷ್ಮೆ ಮನೆಯ ಪಾಠ

ತಾಯಿಯಿಲ್ಲದ ಮರಿಗಳನ್ನು ಸಾಕುವುದು ಶಿಡ್ಲಘಟ್ಟ, ಚಿಂತಾಮಣಿ ಸೀಮೆಗೆ ಹೊಸದಲ್ಲ. ರೇಷ್ಮೆ ಹುಳು ತಾಯಿ ಚಿಟ್ಟೆಯನ್ನು ಕಾಣುವುದೇ ಇಲ್ಲ. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು, ಪೆಬ್ರಿನ್ ರೋಗವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿಬಿಡುತ್ತಾರೆ. ಚಾಕಿ ಹುಳುಗಳಿಗೆ 27–28 ಡಿಗ್ರಿ ತಾಪ, ಶೇಕಡಾ 85–90 ತೇವಾಂಶ ಬೇಕು. ಹುಳು ಬಲಿತಂತೆ ಎರಡನ್ನೂ ಇಳಿಸಬೇಕು. ಇದನ್ನು ಅಲ್ಲಿನ ರೈತ ಮಕ್ಕಳೂ ಬಲ್ಲರು. ಮೊದಲ ದಿನಗಳಲ್ಲಿ ಇಲಿಮರಿಯೂ ಬಹುಮಟ್ಟಿಗೆ ಹುಳುವಿನಂತೆಯೇ. ದೇಹದ ತಾಪ ಸುತ್ತಲಿನ ತಾಪವನ್ನು ಹಿಂಬಾಲಿಸುತ್ತದೆ. ಆದ್ದರಿಂದ ಚಾಕಿ ಮನೆಯ ಶಿಸ್ತನ್ನೇ, ಬೇರೆ ಅಂಕಿಗಳೊಂದಿಗೆ, ಇಲ್ಲಿಗೂ ತರಬೇಕು.

ಏನು ಮಾಡಬೇಕು?

ಮೊದಲು, ತಾಯಿ ನಿಜಕ್ಕೂ ತೊರೆದಿದೆಯೇ ನೋಡಿ. ಮೊಲೆಗೆ ಕಚ್ಚಿಕೊಂಡ ಮರಿ ತಾಯಿ ಎದ್ದಾಗ ಹೊರಗೆ ಜಾರಿ ಬೀಳುವುದುಂಟು. ಮರಿಯ ತೆಳು ಚರ್ಮದ ಮೂಲಕ ಹೊಟ್ಟೆಯ ಎಡಭಾಗದಲ್ಲಿ ಹಾಲಿನ ಬಿಳಿ ಕಲೆ ಕಂಡರೆ ಅದು ಹಾಲು ಕುಡಿದಿದೆ. ಬೆಚ್ಚಗಾಗಿಸಿ, ಗೂಡಿನ ಹುಲ್ಲಿನೊಂದಿಗೆ ಚಮಚದಲ್ಲಿ ಮರಳಿ ಇಡಿ. ಚೊಚ್ಚಲ ಹೆರಿಗೆ, ಗದ್ದಲ, ಪದೇ ಪದೇ ಇಣುಕುವ ಮುಖಗಳು, ನೀರು–ಆಹಾರಗಳ ಕೊರತೆ ತಾಯಿಯನ್ನು ಕಂಗೆಡಿಸುತ್ತವೆ. ಇವನ್ನು ಸರಿಪಡಿಸಿ.

ತಾಯಿ ಒಪ್ಪದಿದ್ದರೆ, ಅದೇ ವಯಸ್ಸಿನ ಮರಿಗಳಿರುವ ಇನ್ನೊಂದು ಚಿಟ್ಟಿಲಿಯ ಗೂಡಿನಲ್ಲಿ, ಆ ಗೂಡಿನ ಹುಲ್ಲನ್ನು ಮರಿಗೆ ಸವರಿ ಇಡಿ. ಇದೇ ಅತ್ಯುತ್ತಮ ದಾರಿ.

ಅದೂ ಇಲ್ಲವೆ? ರಟ್ಟಿನ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆ ಹಾಸಿ, ಅರ್ಧಭಾಗದಲ್ಲಿ ಮಾತ್ರ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಡಿ. ಸೆಕೆಯಾದರೆ ಮರಿ ತೆವಳಿ ದೂರ ಸರಿಯಲು ಜಾಗ ಬೇಕು. ಮರಿಯ ಪಕ್ಕದ ತಾಪಮಾಪಕ 32–34 ಡಿಗ್ರಿ ತೋರಿಸಬೇಕು. ಹಿಂಜಿದ ಹತ್ತಿ ಬೇಡ, ಎಳೆಗಳು ಕಾಲಿಗೆ ಸುತ್ತಿಕೊಳ್ಳುತ್ತವೆ. ತಣ್ಣಗೆ ಅಲುಗದೆ ಬಿದ್ದಿರುವ ಮರಿ ಸತ್ತಿದೆಯೆಂದು ತೀರ್ಮಾನಿಸಬೇಡಿ. ನಿಧಾನವಾಗಿ ಬೆಚ್ಚಗಾದಾಗ ಚೇತರಿಸಿಕೊಳ್ಳಬಹುದು.

ಮೈ ಬೆಚ್ಚಗಾಗಿ ಗುಲಾಬಿ ಬಣ್ಣಕ್ಕೆ ತಿರುಗಿದ ಮೇಲೆ ಹಾಲು. ತಣ್ಣಗಿರುವ ಮರಿ ಸರಿಯಾಗಿ ನುಂಗಲಾರದು, ಅದರ ಕರುಳೂ ಕೆಲಸ ಮಾಡದು. ಚಿಟ್ಟಿಲಿಯ ಹಾಲಿನಲ್ಲಿ ಕೊಬ್ಬು ಸುಮಾರು ಶೇ. 12, ಹಸುವಿನ ಹಾಲಿನಲ್ಲಿ ಶೇ. 4ರಷ್ಟು. ಪಶುವೈದ್ಯರನ್ನು ಕೇಳಿ, ಬೆಕ್ಕಿನ ಮರಿಗಳಿಗೆಂದು ಸಿಗುವ ಹಾಲಿನ ಪುಡಿಯನ್ನು ಬಳಸುವುದು ಮೇಲು. ಮರಿಯನ್ನು ಬೋರಲಾಗಿ ಹಿಡಿದು, ಸಣ್ಣ ಚಿತ್ರಕುಂಚದ ತುದಿಯಿಂದ ಉಗುರುಬೆಚ್ಚಗಿನ ಹಾಲು ನೆಕ್ಕಿಸಿ. ಹಗಲು ರಾತ್ರಿ 2–3 ಗಂಟೆಗೊಮ್ಮೆ. ಮೂಗಿನಲ್ಲಿ ಹಾಲು ಕಂಡರೆ ತಕ್ಷಣ ನಿಲ್ಲಿಸಿ. ಆಮೇಲೆ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಭಾಗವನ್ನು ಮೃದುವಾಗಿ ಸವರಿ. ತಾಯಿ ನೆಕ್ಕದೆ ಮರಿ ಮೂತ್ರ ಮಾಡದು.

ಮೈಯನ್ನು ಒರೆಸಿ ಒಣಗಿಸುವುದು ಮುಖ್ಯ. ಒಂದು ಹನಿಯ ಐದನೆಯ ಒಂದು ಭಾಗ, ಎಂದರೆ 10 ಮಿಲಿಗ್ರಾಂ ನೀರು ಆವಿಯಾಗಲು ಸುಮಾರು 24 ಜೂಲ್ ಶಾಖ ಬೇಕು. ಅದಷ್ಟೂ 1.2 ಗ್ರಾಂ ಮರಿಯಿಂದಲೇ ಹೋದರೆ ಅದರ ತಾಪ 5 ಡಿಗ್ರಿಗೂ ಹೆಚ್ಚು ಕುಸಿಯುತ್ತದೆ.

ಹತ್ತು ದಿನಕ್ಕೆ ಮೈತುಂಬ ಕೂದಲು, 12–14 ದಿನಕ್ಕೆ ಕಣ್ಣು, 21 ದಿನಕ್ಕೆ ಹಾಲು ಬಿಡುವ ಕಾಲ. ಆದರೆ ಮೊದಲ ವಾರದ ಮರಿ ಮನುಷ್ಯರ ಕೈಯಲ್ಲಿ ಉಳಿಯುವುದು ಕಷ್ಟ. ಸೋತರೆ ವಿದ್ಯಾರ್ಥಿಯನ್ನು ದೂಷಿಸಬೇಡಿ. ಮುಟ್ಟಿದ ಮೇಲೆ ಕೈ ತೊಳೆಯಿರಿ. ಹೊಲ, ಚರಂಡಿಗಳ ಇಲಿಮರಿಗಳನ್ನು ಮನೆಗೆ ತರಬೇಡಿ. ಇಲಿ ಜ್ವರದ ಅಪಾಯವಿದೆ.

ಕೇಳದ ಕೂಗು

ಗೌರಿಬಿದನೂರಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಭೂಕಂಪಮಾಪಕಗಳ ಜಾಲ 1965ರಿಂದ ಇದೆ. ನಮ್ಮ ಕಿವಿಗೆ ಎಟುಕದಷ್ಟು ನಿಧಾನವಾದ ಕಂಪನಗಳನ್ನು ಅದು ಗುರುತಿಸುತ್ತದೆ. ಇಲಿಮರಿಯ ಕೂಗು ಇದಕ್ಕೆ ವಿರುದ್ಧ ತುದಿಯದು. ಚಳಿಯಾದಾಗ ಅದು ಸುಮಾರು 40ರಿಂದ 90 ಕಿಲೋಹರ್ಟ್ಸ್ ಆವೃತ್ತಿಯಲ್ಲಿ ಕೂಗುತ್ತದೆ. ನಮ್ಮ ಕಿವಿಯ ಮಿತಿ 20. ತಾಯಿಗೆ ಮಾತ್ರ ಕೇಳುತ್ತದೆ. ಬೆಂಕಿಪೊಟ್ಟಣದಲ್ಲಿದ್ದ ಆ ಮರಿ ನಮ್ಮೆದುರು ಕೂಗುತ್ತಿದ್ದಿರಬಹುದು.

ಮಾಡಿ ನೋಡಿ

ಒಂದೇ ಅಳತೆಯ 8 ಔಷಧಿ ಶೀಶೆಗಳಿಗೆ 60 ಡಿಗ್ರಿಯ ನೀರು ತುಂಬಿ. ಏಳನ್ನು ಒಟ್ಟಿಗೆ ಕಟ್ಟಿ, ನಡುವಿನದರಲ್ಲಿ ತಾಪಮಾಪಕ ಇಡಿ. ಎಂಟನೆಯದನ್ನು ಒಂಟಿಯಾಗಿಟ್ಟು ಅದರಲ್ಲೂ ತಾಪಮಾಪಕ ಇಡಿ. ಎರಡು ನಿಮಿಷಕ್ಕೊಮ್ಮೆ ತಾಪ ಬರೆದು ನಕ್ಷೆ ಎಳೆಯಿರಿ. ಒಂಟಿ ಶೀಶೆಯ ರೇಖೆ ಬೇಗ ಇಳಿಯುವುದನ್ನು ಮಕ್ಕಳೇ ಕಾಣಲಿ.

ಇದು ಇಲಿಗಷ್ಟೇ ಸೀಮಿತವಾದ ಪಾಠವಲ್ಲ. ಕಡಿಮೆ ತೂಕದ ಮಾನವ ಶಿಶುವನ್ನು ತಾಯಿಯ ಎದೆಗೆ ಚರ್ಮ ತಾಗುವಂತೆ ಇಡುವ ‘ಕಾಂಗರೂ ಆರೈಕೆ’ 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಆರಂಭವಾಗಿ ಇಂದು ನಮ್ಮ ಆಸ್ಪತ್ರೆಗಳಲ್ಲೂ ಇದೆ. ಅದರ ಹಿಂದಿರುವುದೂ ಇದೇ ಲೆಕ್ಕ. ಮುಂದಿನ ಬಾರಿ ಯಾರಾದರೂ ಒಂದು ಮರಿಯನ್ನು ನಿಮ್ಮ ಶಾಲೆಗೆ ತಂದರೆ, ಹಾಲು ಹುಡುಕುವ ಮೊದಲು ಬೀರುವಿನಿಂದ ತಾಪಮಾಪಕ ತೆಗೆಯಿರಿ.