ನಿಮಗಿದು ಗೊತ್ತೇ? ‘ಸೂರ್ಯ’ ಬರೆಯಲು ತಡವರಿಸುವ ಜಾಣರು

• ಬೆಳಗಾವಿ ಕಂದಾಯಕ್ಕೆ ಒಂದು ಜಿಲ್ಲೆ, ಶಾಲೆಗೆ ಎರಡು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಇವೆಲ್ಲ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದವು. ಕನ್ನಡ–ಮರಾಠಿ ಗಡಿಯ ಇಂಥ ಶಾಲೆಗಳಲ್ಲಿ ಓದಲು ತಡವರಿಸುವ ಮಕ್ಕಳ ಮಾತಿದು.

• ಸಂತೆಯಲ್ಲಿ ಬಾಯಿಲೆಕ್ಕ ಪಟಪಟ, ಪುಸ್ತಕ ತೆರೆದರೆ ಬಾಯಿ ಬಂದ್. ‘ಇಂವಗ ತಲಿ ಓಡಂಗಿಲ್ಲ’ ಎಂದು ಮನೆಯವರು ಕೈಬಿಡುವ ಇಂಥ ಮಗುವಿಗೆ ಕಲಿಕಾ ನ್ಯೂನತೆ ಇರಬಹುದು. ಬುದ್ಧಿಗೆ ಕೊರತೆಯಿಲ್ಲ, ತೊಡಕಿರುವುದು ಅಕ್ಷರ–ಧ್ವನಿಗಳ ಜೋಡಣೆಯಲ್ಲಿ. 1896ರಲ್ಲೇ ಬ್ರಿಟನ್ನಿನ ವೈದ್ಯ ಪ್ರಿಂಗಲ್ ಮಾರ್ಗನ್ ಇಂಥದೇ ತೊಡಕಿದ್ದ 14ರ ಹುಡುಗನೊಬ್ಬನ ಬಗ್ಗೆ ಬರೆದಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಶಾಲೆಗೇ ಜಾಣ ಅವನೇ ಎಂದು ಅವನ ಮೇಷ್ಟ್ರೇ ಹೇಳಿದ್ದರಂತೆ!

• ಜಗತ್ತಿನಾದ್ಯಂತ ಶಾಲಾ ವಯಸ್ಸಿನ ನೂರು ಮಕ್ಕಳಲ್ಲಿ 5ರಿಂದ 15 ಮಕ್ಕಳಿಗೆ ಈ ತೊಡಕು ಇರುತ್ತದೆಂಬ ಅಂದಾಜಿದೆ. 30 ಮಕ್ಕಳ ತರಗತಿಯಲ್ಲಿ ಒಬ್ಬಿಬ್ಬರಾದರೂ ಸಿಕ್ಕಾರು.

• ‘ಸೂರ್ಯ’ ಎನ್ನಿ. ನಾಲಿಗೆಗೆ ‘ರ್’ ಮೊದಲು, ‘ಯ’ ಆಮೇಲೆ. ಕೈಗೆ ‘ಯ’ ಮೊದಲು, ಅರ್ಕಾವತ್ತು ಆಮೇಲೆ. ಮರಾಠಿ ಬರೆಯುವ ದೇವನಾಗರಿಯಲ್ಲಿ ಅದೇ ರಕಾರ ‘ಯ’ದ ತಲೆಯೇರಿ ಕೂರುತ್ತದೆ. ಗಡಿಯ ಮಗು ಎರಡೂ ಲಿಪಿ ಕಲಿಯಬೇಕು. ಕಾಗುಣಿತ, ಒತ್ತಕ್ಷರ ಸೇರಿ ಕನ್ನಡದ ಅಕ್ಷರಗಳು ನೂರಾರು; ಎಲ್ಲ ಮಕ್ಕಳಿಗೂ ಅವು ಕೈಗೆ ಹತ್ತಲು ಕೆಲವು ವರ್ಷಗಳೇ ಬೇಕು ಎಂಬುದನ್ನು ಬೆಂಗಳೂರಿನ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ತೋರಿಸಿದರು.

• ಮರಾಠಿಯಲ್ಲಿ ಎಕಾರ–ಏಕಾರ ಭೇದವಿಲ್ಲ. ಮರಾಠಿ ಮನೆಮಾತಿನ ಹುಡುಗಿ ‘ಬೇರೆ’ಯನ್ನು ‘ಬೆರೆ’ ಎಂದು ಬರೆದರೆ ಅದು ನ್ಯೂನತೆಯಲ್ಲ, ಭಾಷೆಯ ಅಭ್ಯಾಸ. ಪಾಠದ ಭಾಷೆ ಬಾರದ್ದರಿಂದ, ಶಾಲೆ ತಪ್ಪಿದ್ದರಿಂದ ಆದ ಹಿನ್ನಡೆಯನ್ನು ವೈದ್ಯರೂ ಈ ಲೆಕ್ಕಕ್ಕೆ ಸೇರಿಸುವುದಿಲ್ಲ. ಕಬ್ಬು ಕಡಿಯಲು ಹೋದವರ ಜೊತೆ ತಿಂಗಳುಗಟ್ಟಲೆ ಊರು ಬಿಟ್ಟ ಮಗುವನ್ನು ಅಳೆಯುವಾಗಲೂ ಈ ಮಾತು ನೆನಪಿರಲಿ. ಅವಸರದ ಹಣೆಪಟ್ಟಿ ‘ದಡ್ಡ’ ಎಂಬ ಬೈಗುಳಕ್ಕಿಂತ ಲೇಸೇನಲ್ಲ.

• ಓದಲು ಕಷ್ಟವಾದವನು ಓದು ತಪ್ಪಿಸುತ್ತಾನೆ. ಓದದವನಿಗೆ ಹೊಸ ಪದಗಳು ಸಿಗುವುದಿಲ್ಲ. ಕೊನೆಗೆ ವಿಜ್ಞಾನ, ಸಮಾಜಗಳೂ ಅರ್ಥವಾಗದಾಗುತ್ತವೆ. ಅಕ್ಷರದಲ್ಲಿ ಹುಟ್ಟಿದ ತೊಡಕು ತಿಳಿವಳಿಕೆಗೂ ಹಬ್ಬುವುದು ಹೀಗೆ.

• 1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯ ಹೆಸರೇ ಇರಲಿಲ್ಲ. 2016ರ ಕಾಯ್ದೆ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಇದೂ ಒಂದು.

• ಈ ನ್ಯೂನತೆಯನ್ನು ಗುರುತಿಸುವ ಪರೀಕ್ಷೆಯನ್ನು ದೇಶಕ್ಕೆಲ್ಲ ಕೊಟ್ಟಿದ್ದು ಬೆಂಗಳೂರಿನ ನಮ್ಮ ನಿಮ್ಹಾನ್ಸ್. ಕೇಂದ್ರದ 2018ರ ಮಾರ್ಗಸೂಚಿ ಹೆಸರಿಸಿದ್ದು ಅಲ್ಲಿ ರೂಪುಗೊಂಡ ಪರೀಕ್ಷಾಮಾಲೆಯನ್ನೇ. ಆ ಮಾರ್ಗಸೂಚಿಯಂತೆ ಪ್ರಮಾಣಪತ್ರ ಸಿಗುತ್ತಿದ್ದುದು 8 ವರ್ಷ ತುಂಬಿದ ಮೇಲೆ. 14ಕ್ಕೆ, 18ಕ್ಕೆ ಮತ್ತೆ ತಪಾಸಣೆ ಇತ್ತು. ಆದರೆ ಮೇಷ್ಟ್ರು ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು, ಅಕ್ಷರ ತೀಡಿಸಿ, ಗಟ್ಟಿಯಾಗಿ ಓದಿಸಲು ಯಾವ ಪ್ರಮಾಣಪತ್ರವೂ ಬೇಡ. ಒಂದನೇ ತರಗತಿಯಲ್ಲೇ ಶುರು ಮಾಡಬಹುದು.