ಅಡಗಿದ ವಸ್ತು ಹುಡುಕುವ ಆಟ: ಕಣ್ಣು ಕಲಿಯುವುದೆಷ್ಟು?

ಪಾಳುಬಿದ್ದ ಕೋಟೆಯೊಳಗೊಂದು ಕೋಣೆ. ಮೂಲೆಯಲ್ಲಿ ಮಾಟಗಾತಿಯ ಕೊಪ್ಪರಿಗೆ, ನೆಲದ ತುಂಬ ಹರಿದ ಪುಸ್ತಕ, ನವಿಲುಗರಿ, ಗಡಿಯಾರ, ತಲೆಬುರುಡೆ. ಪರದೆಯ ಕೆಳಗೆ ಒಂದು ಪಟ್ಟಿ: ಬೀಗದ ಕೈ, ಚಮಚ, ಕಪ್ಪೆ, ಕತ್ತರಿ... ಒಂದೊಂದನ್ನೂ ಹುಡುಕಿ ಬೆರಳಿನಿಂದ ಮುಟ್ಟಿದರೆ ಅದು ಮಾಯ. ಎಲ್ಲವೂ ಸಿಕ್ಕಿದರೆ ಮುಂದಿನ ಬಾಗಿಲು ತೆರೆಯುತ್ತದೆ. 2005ರಲ್ಲಿ ಅಮೆರಿಕದ ಬಿಗ್ ಫಿಶ್ ಗೇಮ್ಸ್ ಸಂಸ್ಥೆ 'ಮಿಸ್ಟರಿ ಕೇಸ್ ಫೈಲ್ಸ್: ಹಂಟ್ಸ್‌ವಿಲ್' ಎಂಬ ಆಟ ಹೊರತಂದ ಮೇಲೆ ಈ ಬಗೆಯ ಆಟಗಳಿಗೆ ಸುಗ್ಗಿ. ಈಗ ಅವು ಮೊಬೈಲ್ ಏರಿ, ಮಲ್ಲಿಪಟ್ಟಣದಲ್ಲಿ ಅರಕಲಗೂಡು ಬಸ್ಸಿಗೆ ಕಾಯುವ ಹುಡುಗರ ಅಂಗೈಗೂ ಬಂದಿವೆ.

"ಮೇಷ್ಟ್ರೇ, ಕಣ್ಣು ಹಾಳಾಗುತ್ತೆ ಅಂತ ನಾನು, ಬುದ್ಧಿ ಚುರುಕಾಗುತ್ತೆ ಅಂತ ಅವನು. ನೀವೇ ಹೇಳಿ" ಎಂದು ತಾಯಿಯೊಬ್ಬರು ಪಂಚಾಯಿತಿ ನನ್ನ ತಲೆಗೆ ಕಟ್ಟಿದರು. ಇಬ್ಬರ ಮಾತಿನಲ್ಲೂ ಸ್ವಲ್ಪ ಹುರುಳಿದೆ, ಸ್ವಲ್ಪ ಜೊಳ್ಳೂ ಇದೆ.

ನಮ್ಮ ಕಣ್ಣು ಎದುರಿಗಿರುವುದನ್ನೆಲ್ಲ ಒಟ್ಟಿಗೆ ಸ್ಪಷ್ಟವಾಗಿ ಕಾಣುತ್ತದೆ ಎಂಬುದೇ ಒಂದು ಭ್ರಮೆ. ತೋಳನ್ನು ಪೂರ್ತಿ ಚಾಚಿ ಹೆಬ್ಬೆರಳಿನ ಉಗುರನ್ನು ನೋಡಿ. ಅಷ್ಟಗಲ, ಅಂದರೆ ಸುಮಾರು ಎರಡು ಡಿಗ್ರಿ ಮಾತ್ರ, ನಮ್ಮ ತೀಕ್ಷ್ಣ ದೃಷ್ಟಿಯ ವ್ಯಾಪ್ತಿ. ಅನುಮಾನವಿದ್ದರೆ ಈ ಸಾಲಿನ ಒಂದು ಪದದ ಮೇಲೆ ದೃಷ್ಟಿ ನೆಟ್ಟು, ಕದಲಿಸದೆ, ನಾಲ್ಕು ಸಾಲು ಕೆಳಗಿನದನ್ನು ಓದಲು ಯತ್ನಿಸಿ. ಆದ್ದರಿಂದ ಕಣ್ಣು ಸೆಕೆಂಡಿಗೆ ಸುಮಾರು ಮೂರು ಬಾರಿ ಜಿಗಿಯುತ್ತ, ತುಣುಕು ತುಣುಕಾಗಿ ದೃಶ್ಯವನ್ನು ಹೆಕ್ಕುತ್ತದೆ.

ಹಸಿರು ಚೆಂಡುಗಳ ನಡುವೆ ಒಂದೇ ಕೆಂಪು ಚೆಂಡಿದ್ದರೆ ಹುಡುಕಬೇಕಾಗಿಯೇ ಇಲ್ಲ. ಅದು ತಾನಾಗಿ ಕಣ್ಣಿಗೆ ಹೊಡೆಯುತ್ತದೆ. ಹಸಿರು ಚೆಂಡುಗಳು ಹತ್ತಿದ್ದರೇನು, ನೂರಿದ್ದರೇನು? ಆದರೆ ಕೆಂಪು ಚೌಕ, ಹಸಿರು ಚೆಂಡುಗಳೆರಡೂ ತುಂಬಿರುವ ಕಡೆ ಕೆಂಪು ಚೆಂಡನ್ನು ಹುಡುಕಬೇಕಾದರೆ, ವಸ್ತುಗಳು ಹೆಚ್ಚಿದಷ್ಟೂ ಹೊತ್ತು ಹಿಡಿಯುತ್ತದೆ. ಬಣ್ಣವನ್ನೂ ಆಕಾರವನ್ನೂ ಕೂಡಿಸಿ ನೋಡಲು ಗಮನ ಬೇಕು ಎಂದು ಆ್ಯನ್ ಟ್ರೀಸ್‌ಮನ್ ಮತ್ತು ಗ್ಯಾರಿ ಗೆಲೇಡ್ 1980ರಲ್ಲಿ ವಿವರಿಸಿದರು. ಆಟ ರಚಿಸುವವರ ಚಾತುರ್ಯವೂ ಇಲ್ಲೇ ಇದೆ. ಕಂದು ಬೀಗದ ಕೈಯನ್ನು ಕಂದು ಮರದ ತೊಗಟೆಗೆ ಅಂಟಿಸುತ್ತಾರೆ. ಮನೆಯಲ್ಲಾದರೆ ಚಮಚಕ್ಕೆ ನಾವು ಅಡುಗೆಮನೆಗೆ ಹೋಗುತ್ತೇವೆ. ಮಾಟಗಾತಿಯ ಕೋಣೆಯಲ್ಲಿ ಅದು ಬಾವಲಿಯ ಪಕ್ಕ ತೂಗಾಡುತ್ತಿರುತ್ತದೆ! ನಿತ್ಯದ ಅನುಭವ ಅಲ್ಲಿ ಕೈಕೊಡುತ್ತದೆ.

ಹಾಗಾದರೆ ಈ ಆಟದಿಂದ ಜ್ಞಾಪಕಶಕ್ತಿ ಬೆಳೆಯುತ್ತದೆಯೇ? ಆಡಿದಷ್ಟೂ ಆ ಆಟದಲ್ಲಿ ಕೈ ಪಳಗುವುದು ನಿಜ. ಆ ಚುರುಕು ಗಣಿತಕ್ಕೋ ಸಮಾಜ ಪಾಠಕ್ಕೋ ಹರಿದುಬರುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ಮೆದುಳು ಚುರುಕುಗೊಳಿಸುವ ಆಟಗಳನ್ನು ಮಾರುತ್ತಿದ್ದ 'ಲುಮೋಸಿಟಿ'ಯ ಮೇಲೆ, ಆಧಾರವಿಲ್ಲದ ಜಾಹೀರಾತು ನೀಡಿದ ಆರೋಪ ಹೊರಿಸಿದ್ದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್. 2016ರಲ್ಲಿ ಕಂಪನಿ 20 ಲಕ್ಷ ಡಾಲರ್ ತೆತ್ತು ವ್ಯಾಜ್ಯ ಮುಗಿಸಿಕೊಂಡಿತು. ಇನ್ನು ತಾಯಿಯ ದೂರು. ಹತ್ತಿರದ ಪರದೆಯನ್ನೇ ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆ, ಕಣ್ಣು ಒಣಗಿ ಉರಿಯುತ್ತದೆ. ಬಯಲ ಬೆಳಕಿನಲ್ಲಿ ಹೊತ್ತು ಕಳೆಯುವ ಮಕ್ಕಳಿಗೆ ಸಮೀಪದೃಷ್ಟಿ ದೋಷ ಬರುವ ಸಂಭವ ಕಡಿಮೆ ಎಂಬುದಂತೂ ಹಲವು ಅಧ್ಯಯನಗಳಲ್ಲಿ ಕಂಡಿದೆ.

ನನಗೆ ಹೆಚ್ಚು ಕಾಡುವುದು ಇನ್ನೊಂದು. 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 24 ಮಂದಿ ರೇಡಿಯಾಲಜಿಸ್ಟರಿಗೆ ಶ್ವಾಸಕೋಶದ ಸ್ಕ್ಯಾನ್ ಚಿತ್ರಗಳಲ್ಲಿ ಗಂಟುಗಳನ್ನು ಹುಡುಕಲು ಹೇಳಲಾಯಿತು. ಒಂದೆಡೆ ಬೇಕೆಂದೇ ಗೊರಿಲ್ಲಾ ಚಿತ್ರ ಸೇರಿಸಿದ್ದರು. ಗಾತ್ರದಲ್ಲಿ ಸರಾಸರಿ ಗಂಟಿನ 48 ಪಟ್ಟು! 20 ಮಂದಿಗೆ ಅದು ಕಾಣಲೇ ಇಲ್ಲ. ಕಣ್ಣು ಅದರ ಮೇಲೆಯೇ ಹಾದುಹೋದವರಿಗೂ ಕಾಣಲಿಲ್ಲ. ಮನಸ್ಸು ಪಟ್ಟಿ ಹಿಡಿದು ಹೊರಟರೆ ಪಟ್ಟಿಯಲ್ಲಿಲ್ಲದ್ದಕ್ಕೆ ಅಲ್ಲಿ ಜಾಗವಿಲ್ಲ. ಮೊಬೈಲ್ ಆಟದ ಪಟ್ಟಿಯನ್ನಂತೂ ಬೇರೆ ಯಾರೋ ಬರೆದಿರುತ್ತಾರೆ. ಸಿಗದಿದ್ದರೆ 'ಸುಳಿವು' ಗುಂಡಿಯಿದೆ. ಪುಕ್ಕಟೆ ಸುಳಿವು ಮುಗಿದ ಮೇಲೆ ಜಾಹೀರಾತು ನೋಡಬೇಕು, ಇಲ್ಲವೇ ದುಡ್ಡು ತೆರಬೇಕು. ತಂದೆತಾಯಿಗಳು ಫೋನಿನಲ್ಲಿ ಹಣ ಪಾವತಿಗೆ ಬೀಗ ಹಾಕಿಡುವುದು ಒಳ್ಳೆಯದು.

ಆಟ ಬೇಡವೆನ್ನುವವನು ನಾನಲ್ಲ. ಊಟವಾದ ಮೇಲೆ ಅರ್ಧ ಗಂಟೆ, ಅಜ್ಜಿಯ ಜೊತೆ ಕೂತು ಆಡಲಿ. ಅಜ್ಜಿಗೇ ಮೊದಲು ಕಪ್ಪೆ ಸಿಕ್ಕೀತು! ಆದರೆ ಹುಡುಕಾಟದ ನಿಜವಾದ ರುಚಿ ಬೇಕೆಂದರೆ ಹಾಸನ ಜಿಲ್ಲೆಯ ಮಕ್ಕಳಿಗೆ ಮೊಬೈಲೇ ಆಗಬೇಕಿಲ್ಲ. ಹಾಸನದಿಂದ ಸುಮಾರು 40 ಕಿ.ಮೀ. ದೂರದ ಬೇಲೂರಿನಲ್ಲಿ, 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯಿದೆ. 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಹೊರಗೆ ಸೂರಿನಡಿ ನಿಂತ 38 ಮದನಿಕೆಯರಲ್ಲಿ ಒಬ್ಬಳ ತಲೆಯ ಮೇಲಿನ ಬಳ್ಳಿಯ ಚಪ್ಪರದಲ್ಲಿ ಹಣ್ಣಿನ ಮೇಲೆ ನೊಣವೊಂದು ಕೂತಿದೆ. ಅದನ್ನು ಹಿಡಿಯಲು ಪಕ್ಕದಲ್ಲೇ ಹಲ್ಲಿ ಹೊಂಚು ಹಾಕಿದೆ. ಕಲ್ಲೂ ಒಂದೇ ಬಣ್ಣ, ನೊಣವೂ ಅದೇ ಬಣ್ಣ. ಒಮ್ಮೆ ನಮ್ಮ ಶಾಲೆಯ ಪ್ರವಾಸದಲ್ಲಿ ಅದು ಮೊದಲು ಕಂಡದ್ದು ಎಂಟನೆಯ ತರಗತಿಯ ಹುಡುಗಿಯೊಬ್ಬಳಿಗೆ, ಮುಕ್ಕಾಲು ಗಂಟೆ ಕತ್ತು ನೋಯಿಸಿಕೊಂಡ ಮೇಲೆ. "ಸಾರ್, ಹುಡುಕೋವಾಗ ಇನ್ನೂ ಏನೇನೋ ಸಿಕ್ತು" ಎಂದು ತಾನು ಕಂಡ ಬೇರೆ ಒಂಬತ್ತು ಸಂಗತಿಗಳನ್ನು ಬಸ್ಸಿನಲ್ಲಿ ಬರೆದು ತೋರಿಸಿದಳು. ಯಾವ ಮದನಿಕೆ ಎಂಬುದನ್ನು ನಾನಿಲ್ಲಿ ಹೇಳುವುದಿಲ್ಲ.