ಓಲೆಯಲ್ಲಿ ಉಳಿದ ಹಾಡು

ಶಿಲ್ಪವು ಕಲ್ಲಿನಲ್ಲಿ ನಿಲ್ಲುತ್ತದೆ. ಚಿತ್ರವು ಗೋಡೆಯ ಮೇಲೆ ನಿಲ್ಲುತ್ತದೆ. ಹಾಡಾದರೋ ಹಾಡಿದ ಗಳಿಗೆಯಲ್ಲಿಯೇ ಗಾಳಿಯಲ್ಲಿ ಕರಗಿಹೋಗುತ್ತದೆ. ಅದನ್ನು ಮುಂದಿನ ತಲೆಮಾರಿಗೆ ದಾಟಿಸುವುದು ಹೇಗೆ? ಬಾಳಗಡಿಯ ಸುತ್ತಲಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಜನಪ್ರಿಯವಾಗಿರುವ ಯಕ್ಷಗಾನವು ಇದಕ್ಕೆ ತನ್ನದೇ ಆದ ಉತ್ತರವನ್ನು ಕೊಟ್ಟಿದೆ.

ಭಾಗವತರು ಹಾಡುವ ಪದ್ಯಗಳ ಕೃತಿಗೆ ಪ್ರಸಂಗವೆಂದು ಹೆಸರು. ಅಚ್ಚಿನ ಯಂತ್ರ ಬರುವ ಮೊದಲು ಪ್ರಸಂಗಗಳನ್ನು ತಾಳೆಯೋಲೆಯ ಮೇಲೆ ಬರೆಯುತ್ತಿದ್ದರು. ಹದಗೊಳಿಸಿದ ಗರಿಯ ಮೇಲೆ ಕಬ್ಬಿಣದ ಕಂಟದಿಂದ ಅಕ್ಷರಗಳನ್ನು ಕೊರೆದು, ಮಸಿಯನ್ನು ತೀಡಿ, ಗರಿಗಳಿಗೆ ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆಗಳನ್ನಿಟ್ಟು ಕಟ್ಟುತ್ತಿದ್ದರು. ಹಾಡಿನ ತಲೆಯಲ್ಲಿ ‘ಭೈರವಿ ರಾಗ, ಝಂಪೆ ತಾಳ’ ಎಂಬಂತೆ ರಾಗತಾಳಗಳನ್ನು ನಮೂದಿಸುವುದು ರೂಢಿ. ಆದರೆ ಸ್ವರಗಳನ್ನು ಬರೆಯುವುದಿಲ್ಲ. ಯಾವ ಅಕ್ಷರವನ್ನು ಎಷ್ಟು ಎಳೆಯಬೇಕು, ದನಿಯನ್ನು ಎಲ್ಲಿ ಏರಿಸಬೇಕು, ಚೆಂಡೆ ಮದ್ದಳೆಗಳಿಗೆ ಎಲ್ಲಿ ಎಡೆಗೊಡಬೇಕು ಎಂಬುದನ್ನು ಶಿಷ್ಯನು ಗುರುವಿನ ಬಾಯಿಂದಲೇ ಕಲಿಯಬೇಕು.

ದೂರದ ಇಟಲಿಯ ಸಂಗೀತಗಾರರ ಕ್ರಮ ಬೇರೆ. ಐದು ಗೆರೆಗಳ ಮೇಲೆ ಚಿಹ್ನೆಗಳನ್ನಿರಿಸಿ ಸ್ವರದ ಎತ್ತರವನ್ನೂ ಅದರ ಕಾಲವನ್ನೂ ಅವರು ಬರೆದಿಡುತ್ತಿದ್ದರು. ವೆನಿಸ್ ನಗರದ ವಿವಾಲ್ಡಿಯು 1741ರಲ್ಲಿ ತೀರಿಕೊಂಡ ಮೇಲೆ ಅವನ ಸಂಗೀತವನ್ನು ಜನ ಬಹುಮಟ್ಟಿಗೆ ಮರೆತರು. 1926ರಲ್ಲಿ ಉತ್ತರ ಇಟಲಿಯ ಒಂದು ಕ್ರೈಸ್ತ ವಿದ್ಯಾಲಯವು ತನ್ನಲ್ಲಿದ್ದ ಹಳೆಯ ಪುಸ್ತಕಗಳ ಬೆಲೆ ಕಟ್ಟಿಕೊಡುವಂತೆ ಟ್ಯೂರಿನ್ನಿನ ರಾಷ್ಟ್ರೀಯ ಗ್ರಂಥಾಲಯವನ್ನು ಕೇಳಿತು. ಅವುಗಳ ನಡುವೆ ವಿವಾಲ್ಡಿಯ ಹಸ್ತಪ್ರತಿಗಳಿದ್ದವು! ಉಳಿದವು ಜಿನೋವಾದ ಒಂದು ಮನೆತನದಲ್ಲಿ ದೊರೆತವು. ಕೊಳ್ಳಲು ಗ್ರಂಥಾಲಯದಲ್ಲಿ ಹಣವಿರಲಿಲ್ಲ. ಎಳೆಯ ಮಕ್ಕಳನ್ನು ಕಳೆದುಕೊಂಡಿದ್ದ ಫೋವಾ, ಜೋರ್ದಾನೊ ಎಂಬ ಇಬ್ಬರು ಸಿರಿವಂತರು ಆ ಮಕ್ಕಳ ನೆನಪಿಗಾಗಿ 1927 ಮತ್ತು 1930ರಲ್ಲಿ ಅವನ್ನು ಗ್ರಂಥಾಲಯಕ್ಕೆ ದೊರಕಿಸಿಕೊಟ್ಟರು. ಸುಮಾರು ಇನ್ನೂರು ವರ್ಷ ಮೌನವಾಗಿದ್ದ ಸಂಗೀತವು ಹಾಳೆಯಿಂದೆದ್ದು ಮತ್ತೆ ನುಡಿಯಿತು.

ನಮ್ಮ ಓಲೆಯೊಂದರಿಂದಲೇ ಹಾಡನ್ನು ಹೀಗೆ ಮರಳಿ ಪಡೆಯಲಾಗದು. ಮಳೆಗಾಲದ ತೇವ, ಹುಳುಗಳ ಬಾಧೆಗಳಿಂದ ಓಲೆ ಹಾಳಾದರೆ ಸಾಹಿತ್ಯ ಹೋಗುತ್ತದೆ. ಹಾಡಬಲ್ಲವರು ಅಳಿದರೆ ಮಟ್ಟು ಹೋಗುತ್ತದೆ. ಆದುದರಿಂದ ಎರಡನ್ನೂ ಕಾಪಾಡಬೇಕು. ಇದನ್ನು ಅರಿತ ಶಿವರಾಮ ಕಾರಂತರು ಪ್ರಸಂಗಗಳ ಹಳೆಯ ಪ್ರತಿಗಳನ್ನು ಅರಸಿದುದಲ್ಲದೆ ಯಕ್ಷಗಾನದ ರಾಗಗಳನ್ನೂ ಅಭ್ಯಸಿಸಿದರು. ಅವರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಈಗ ಹಲವರು ಪ್ರಸಂಗದ ಪ್ರತಿಗಳನ್ನು ಗಣಕಯಂತ್ರದಲ್ಲಿ ಸಂಗ್ರಹಿಸುತ್ತಿದ್ದಾರೆ.

ವಿದ್ಯಾರ್ಥಿಗಳೂ ಈ ಕಾರ್ಯದಲ್ಲಿ ನೆರವಾಗಬಹುದು. ಮನೆಯ ಅಟ್ಟದಲ್ಲಿ ಓಲೆಯ ಕಟ್ಟು ಕಂಡರೆ ಅದನ್ನು ಬಿಚ್ಚಿ ಕೆಡಿಸದೆ ಬಲ್ಲವರಿಗೆ ತೋರಿಸಬೇಕು. ಊರಿನಲ್ಲಿ ಹಿರಿಯ ಭಾಗವತರಿದ್ದರೆ ಅವರ ಅನುಮತಿ ಪಡೆದು, ಅವರು ಹಾಡುವುದನ್ನು ಧ್ವನಿಮುದ್ರಿಸಿಕೊಳ್ಳಬೇಕು.